ಬಾಳವ್ವನ ಮನೆಗೆ ಚೌಕ ಬಂದ ದಿನ

ನಮ್ಮೂರಿನಲ್ಲಿ ಫೋನಿನ ಸಿಗ್ನಲ್ ದಿನಕ್ಕೆ ಒಂದೇ ಕಡೆ ಬೀಳುತ್ತದೆ. ಆರು ಅಡಿ ಉದ್ದ, ಆರು ಅಡಿ ಅಗಲ. ಅದಕ್ಕೆ ನಾವು ಚೌಕ ಎನ್ನುತ್ತೇವೆ. ಇವತ್ತು ಒಬ್ಬರ ಪಡಸಾಲೆಯಲ್ಲಿ ಬಿದ್ದರೆ ನಾಳೆ ಇನ್ನೊಬ್ಬರ ಬಚ್ಚಲಲ್ಲಿ. ಹೊತ್ತು ಹುಟ್ಟುವಾಗ ಬಂದು ಹೊತ್ತು ಮುಳುಗುವಾಗ ಹೋಗುತ್ತದೆ. ಎಲ್ಲಿ ಬಿದ್ದಿದೆ ಎಂದು ಹುಡುಕುವ ಕೆಲಸ ಹಾಲು ಮಾರುವ ಫಕೀರವ್ವನದು, ಏಕೆಂದರೆ ಊರಿನಲ್ಲಿ ಅವಳು ಒಳಗೆ ಹೋಗದ ಮನೆಯಿಲ್ಲ. ಅವಳ ಎಲೆಯಡಿಕೆ ಚೀಲದಲ್ಲಿ ಒಂದು ಹಳೆಯ ಫೋನು ಇರುತ್ತದೆ. ಅದು ಹಿಂದಿನ ದಿನದ ಮೆಸೇಜುಗಳನ್ನೆಲ್ಲ ಒಂದೇ ಸಲಕ್ಕೆ ಕಾರಿಕೊಂಡು ಟಿಣ್ ಟಿಣ್ ಎಂದಲ್ಲಿ ಅವಳು ಹಾಲಿನ ಕೊಡ ಇಳಿಸಿ, ಸುಣ್ಣದ ಡಬ್ಬಿ ತೆಗೆದು, ನಾಲ್ಕು ಮೂಲೆಗೆ ನಾಲ್ಕು ಬೊಟ್ಟು ಇಡುತ್ತಾಳೆ. ಆಮೇಲೆ ಹೊರಗೆ ಬಂದು ಓಣಿಗೆಲ್ಲ ಕೇಳುವಂತೆ ಕೂಗುತ್ತಾಳೆ.

ಚೌಕ ಬಂದ ಮನೆಯವರು ಹೊತ್ತು ಮುಳುಗುವತನಕ ಬಾಗಿಲು ಹಾಕುವಂತಿಲ್ಲ. ಬಂದವರಿಗೆ ಚಾಪೆ ಹಾಸಬೇಕು, ತಂಬಿಗೆಯಲ್ಲಿ ನೀರು ಕೊಡಬೇಕು. ಚೌಕದಲ್ಲಿ ಕೇಳಿಸಿಕೊಂಡ ಮಾತನ್ನು ಯಾರೂ ಹೊಸಿಲಿನಾಚೆ ಒಯ್ಯುವಂತಿಲ್ಲ. ಇವೆಲ್ಲ ನಾವು ಮಾಡಿಕೊಂಡ ಕಟ್ಟಳೆಗಳು. ಒಂದನ್ನು ಮಾತ್ರ ನಾವು ಮಾಡಿದ್ದಲ್ಲ. ಆ ಮನೆಯವರು ಯಾರೇ ಚೌಕದೊಳಗೆ ಕಾಲಿಟ್ಟರೂ ಸಿಗ್ನಲ್ ಹೋಗಿಬಿಡುತ್ತದೆ, ಅವತ್ತು ಮತ್ತೆಲ್ಲಿಯೂ ಬರುವುದಿಲ್ಲ. ಬೆಕ್ಕಿಗೆ ವಿನಾಯಿತಿ ಇದೆ. ಪಾಲಾಗಿ ಬೇರೆ ಒಲೆ ಹೂಡಿದ ತಮ್ಮ ಅಣ್ಣನ ಮನೆಯ ಚೌಕದಲ್ಲಿ ಕೂತರೆ ನಡೆಯುತ್ತದೆ. ಆದರೆ ಒಮ್ಮೆ ಇಬ್ಬರು ಅಣ್ಣತಮ್ಮಂದಿರು ಕ್ರಿಕೆಟ್ ನೋಡುವ ಆಸೆಗೆ ಬೇರೆಯಾದ ಹಾಗೆ ನಾಟಕ ಮಾಡಿ, ಒಬ್ಬರಿಗೊಬ್ಬರು ಬೈದಾಡಿ, ಅಣ್ಣ ಕೊಟ್ಟ ನೀರು ಕುಡಿದು ತಮ್ಮ ಒಳಗೆ ಕಾಲಿಟ್ಟ. ಟಾಸ್ ಆಗುವ ಮೊದಲೇ ಸಿಗ್ನಲ್ ಹೋಯಿತು. ಸಿಗ್ನಲ್ಲಿಗೆ ನಾಟಕ ತಿಳಿಯುತ್ತದೆ ಎಂದು ಆವತ್ತು ಊರಿಗೆ ಗೊತ್ತಾಯಿತು.

ನಾನು ಇಂಥ ಊರಿನಲ್ಲಿ ಸಂಖ್ಯಾಶಾಸ್ತ್ರದ ಅತಿಥಿ ಉಪನ್ಯಾಸಕ. ಹದಿನಾಲ್ಕು ವರ್ಷದಿಂದ ಅತಿಥಿ. ಇಷ್ಟು ದಿನ ಉಳಿದ ಅತಿಥಿಯನ್ನು ಬೇರೆ ಯಾರಾದರೂ ಅಳಿಯನನ್ನಾಗಿಯಾದರೂ ಮಾಡಿಕೊಳ್ಳುತ್ತಿದ್ದರು. ವಿಶ್ವವಿದ್ಯಾಲಯದವರು ಹಾಗೆ ಮಾಡದೆ ಕಾಲೇಜಿಗೆ ಬೀಗ ಹಾಕಿ, ಇನ್ನು ಮೇಲೆ ಪಾಠವೆಲ್ಲ ಆನ್‌ಲೈನ್ ಎಂದು ಪತ್ರ ಕಳಿಸಿದರು. ಆ ಪತ್ರವೂ ಆನ್‌ಲೈನೇ ಬಂದದ್ದರಿಂದ ಅದು ನಮಗೆ ತಲುಪಿದ್ದು, ನಾಲ್ಕು ದಿನ ಬಣವೆ, ಮಾಳಿಗೆ ಎಂದು ಕೈಗೆಟುಕದ ಕಡೆಯೇ ಬಿದ್ದ ಚೌಕ ಕೆಳಗೆ ಇಳಿದ ಮೇಲೆ, ಐದನೆಯ ದಿನ. ಅಷ್ಟರಲ್ಲಿ ನಾವು ಬೀಗ ಹಾಕಿದ ಬಾಗಿಲ ಮುಂದೆ ನಾಲ್ಕು ದಿನ ನಿಂತಿದ್ದೆವು.

ಮನೆಯಲ್ಲಿ ಕೂತು ಕಲಿಯಿರಿ ಎಂದು ಪತ್ರದಲ್ಲಿತ್ತು. ನಮ್ಮೂರಿನಲ್ಲಿ ಮನೆಯಲ್ಲಿ ಕೂತರೆ ಏನೂ ಕಲಿಯಲಾಗುವುದಿಲ್ಲ, ಬೇರೆಯವರ ಮನೆಯಲ್ಲಿ ಕೂರಬೇಕು. ಹೀಗಾಗಿ ನಾನೂ ನನ್ನ ಒಂಬತ್ತು ಜನ ವಿದ್ಯಾರ್ಥಿಗಳೂ ದಿನಾ ಬೆಳಿಗ್ಗೆ ಫಕೀರವ್ವನ ಕೂಗಿಗೆ ಕಿವಿಗೊಟ್ಟು, ಅವಳು ಹೇಳಿದ ಮನೆಗೆ ಹೋಗಿ, ಆರಡಿ ಚೌಕದಲ್ಲಿ ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂತು, ಒಬ್ಬರೊಬ್ಬರ ಜೊತೆ ಫೋನಿನಲ್ಲಿ ಮಾತಾಡುತ್ತಿದ್ದೆವು. ನನ್ನ ಎದುರು ಒಂದು ಗೇಣು ದೂರದಲ್ಲಿ ಕೂತ ಸಂಗನಬಸುವಿಗೆ ನಾನು ಫೋನು ನೋಡಿಕೊಂಡು "ಕೇಳಸ್ತೈತೇನು?" ಎಂದರೆ ಅವನು ಫೋನು ನೋಡಿಕೊಂಡು "ಕೇಳಸ್ತೈತ್ರಿ ಸರ್" ಎನ್ನುತ್ತಿದ್ದ. ನಾನು "ಸರಾಸರಿ" ಎಂದ ಎರಡು ಸೆಕೆಂಡಿಗೆ ಒಂಬತ್ತು ಫೋನುಗಳು ನನ್ನದೇ ದನಿಯಲ್ಲಿ ಸರಾಸರಿ ಸರಾಸರಿ ಎಂದು ಕೂಗುತ್ತಿದ್ದವು. ಒಂದು ಮನೆಯಲ್ಲಿ ಮುದುಕಿಯೊಬ್ಬಳು ಭಜನೆ ಎಂದುಕೊಂಡು ತಾಳ ಹಾಕಿದಳು.

ಒಮ್ಮೆ ನನಗೂ ತಲೆಕೆಟ್ಟು, ಫೋನುಗಳನ್ನೆಲ್ಲ ಮಗುಚಿ ಹಾಕಿಸಿ, ಎರಡು ಗಂಟೆ ಬಾಯಿ ಬಿಟ್ಟು ಪಾಠ ಮಾಡಿದೆ. ನನ್ನ ಜೀವನದಲ್ಲೇ ಅಷ್ಟು ಒಳ್ಳೆಯ ಪಾಠ ನಾನು ಮಾಡಿರಲಿಲ್ಲ. ಆ್ಯಪಿನಲ್ಲಿ 'ತರಗತಿ ನಡೆದಿಲ್ಲ' ಎಂದು ದಾಖಲಾಗಿ, ಕಾರಣ ಕೇಳಿ ನನಗೆ ನೋಟಿಸು ಬಂತು. ಅಂದಿನಿಂದ ಆ ದುರ್ಬುದ್ಧಿ ಬಿಟ್ಟೆ. ಬಚ್ಚಲಲ್ಲಿ ಕೂತು ಪಾಠ ಮಾಡಿದ್ದೇನೆ, ಪೊಲೀಸ್ ಠಾಣೆಯ ಲಾಕಪ್ಪಿನಲ್ಲಿ ಮಾಡಿದ್ದೇನೆ, ಬಾಣಂತಿ ಕೋಣೆಯಲ್ಲಿ ಗೋಡೆಗೆ ಮುಖ ಮಾಡಿಕೊಂಡು ಸಂಭಾವ್ಯತೆ ಹೇಳಿಕೊಟ್ಟಿದ್ದೇನೆ.

ಒಂಬತ್ತು ಜನರಲ್ಲಿ ಎಂಟು ಜನ ಹುಡುಗರು, ಹುಡುಗಿಯರು. ಒಂಬತ್ತನೆಯವಳು ನೀಲಾಂಬಿಕಾ, ಮೂವತ್ತೊಂದು ವಯಸ್ಸು, ಮನೆಯಲ್ಲಿ ನೀಲವ್ವ ಎನ್ನುತ್ತಾರೆ. ಗಂಡ ಲಾರಿ ಓಡಿಸುತ್ತಾನೆ, ತಿಂಗಳಿಗೆ ನಾಲ್ಕು ದಿನ ಊರಲ್ಲಿದ್ದರೆ ಹೆಚ್ಚು. ಮನೆಯಲ್ಲಿ ಅತ್ತೆ ಬಾಳವ್ವ. ಗಂಡ ಒಂಬತ್ತನೆಯ ಇಯತ್ತೆಗೆ ಓದು ಬಿಟ್ಟವನು. ಮದುವೆಯಾಗಿ ಬಂದ ವರ್ಷವೇ ಬಾಳವ್ವ, ಗಂಡನಿಗಿಂತ ಹೆಚ್ಚಿಗೆ ಕಲಿತ ಸೊಸೆ ಮನೆಗೆ ಬೇಡ ಎಂದು ಪುಸ್ತಕಗಳನ್ನು ಕಟ್ಟಿ ಅಟ್ಟಕ್ಕೆ ಹಾಕಿಸಿದ್ದಳು. ಆರು ವರ್ಷದ ಹಿಂದೆ ನೀಲವ್ವ ಅತ್ತೆಗೆ ಹೇಳದೆ ಬಿ.ಎ.ಗೆ ಹೆಸರು ಹಚ್ಚಿದಳು. ಮನೆಯಲ್ಲೇ ಕದ್ದು ಓದಿ ಹದಿನೇಳು ಪೇಪರು ಪಾಸು ಮಾಡಿದಳು. ಉಳಿದದ್ದು ನನ್ನ ಪೇಪರು ಒಂದು. ಎರಡು ಸಲ ಕೂತು ಎರಡು ಸಲವೂ ಬಿದ್ದಿದ್ದಳು. ಹೆಸರು ಹಚ್ಚಿದ ಆರು ವರ್ಷದೊಳಗೆ ಮುಗಿಸಬೇಕು ಎಂಬುದು ವಿಶ್ವವಿದ್ಯಾಲಯದ ನಿಯಮ. ಮುಗಿಸದಿದ್ದರೆ ಪಾಸಾದ ಹದಿನೇಳೂ ಹೋಗುತ್ತವೆ. ಈ ವರ್ಷ ಆರನೆಯದು.

"ಕೆಲಸಕ್ಕೇನು ಹೋಗೂದಿಲ್ರಿ ಸರ್," ಎಂದು ಒಮ್ಮೆ ಹೇಳಿದ್ದಳು. "ಹುಟ್ಟಿದಾಗಿಂದ ನಾ ಶುರು ಮಾಡಿದ್ದು ಒಂದೂ ಮುಗದಿಲ್ಲ. ಇದೊಂದು ಮುಗೀಲಿ."

ಚೌಕದ ಪಾಠ ಶುರುವಾದ ಒಂದೂವರೆ ವರ್ಷದಿಂದ ಅತ್ತೆಗೆ ಆಕೆ ಹೇಳಿದ್ದು ಹೊಲಿಗೆ ಕ್ಲಾಸಿಗೆ ಹೋಗುತ್ತೇನೆ ಎಂದು. ಹಾಗಾದರೆ ನಾನು ಯಾರು? ಹೊಲಿಗೆ ಮಾಸ್ತರ. ಇದನ್ನು ನನಗೆ ಯಾರೂ ಹೇಳಿರಲಿಲ್ಲ. ಒಂದು ದಿನ ಸಂತೆಯಲ್ಲಿ ಬಾಳವ್ವ ನನ್ನನ್ನು ತಡೆದು, "ಮಾಸ್ತರ, ನಮ್ಮ ಸೊಸಿಗೆ ಕಲಸಾಕತ್ತೀರಂತ. ಇದೊಂದು ಕುಬಸ ಹೊಲದು ಕೊಡ್ರಿ," ಎಂದು ಖಣವನ್ನೂ ಅಳತೆಗೆ ಹಳೆಯ ಕುಪ್ಪಸವನ್ನೂ ಕೈಗೆ ತುರುಕಿದಳು. ನೀಲವ್ವ ಅವಳ ಹಿಂದೆ ನಿಂತು ನನಗೆ ಕೈ ಮುಗಿಯುತ್ತಿದ್ದಳು. ನಾನು ಬಸ್‌ಸ್ಟ್ಯಾಂಡಿನ ಸಿಂಪಿಗನ ಹತ್ತಿರ ಹೊಲಿಸಿ ಕೊಟ್ಟೆ. ಚೆನ್ನಾಗಿ ಕೂತಿತೆಂದು ಬಾಳವ್ವ ಇನ್ನೆರಡು ಕೊಟ್ಟಳು. ಒಂದೂವರೆ ವರ್ಷದಲ್ಲಿ ನನ್ನ ಕೈಯಿಂದ ಒಂದು ಪ್ರಬಂಧವೂ ಪ್ರಕಟವಾಗಲಿಲ್ಲ, ಮೂರು ಕುಪ್ಪಸಗಳಾದವು. ಊರಿಗೆಲ್ಲ ಸತ್ಯ ಗೊತ್ತಿತ್ತು, ಊರೆಲ್ಲರ ಮನೆಯಲ್ಲೇ ನಮ್ಮ ಪಾಠವಾಗಿತ್ತಲ್ಲ. ಆದರೆ ಚೌಕದ ಮಾತು ಹೊಸಿಲು ದಾಟಬಾರದು, ಯಾರೂ ದಾಟಿಸಲಿಲ್ಲ.

ಕೊನೆಯ ಮೌಖಿಕ ಪರೀಕ್ಷೆಗೆ ಪ್ರತಿಯೊಬ್ಬರೂ ಒಂದು ಅಧ್ಯಯನ ಮಾಡಬೇಕಿತ್ತು. ನೀಲವ್ವ ಚೌಕವನ್ನೇ ಆರಿಸಿಕೊಂಡಳು. ದಿನಾ ಚೌಕ ಎಲ್ಲಿ ಬಿತ್ತು ಎಂದು ಒಂದೂವರೆ ವರ್ಷ ನೋಟ್‌ಬುಕ್ಕಿನಲ್ಲಿ ಗೆರೆ ಹಾಕಿಕೊಂಡು ಬಂದಳು. ಊರಿನಲ್ಲಿ ನಾನೂರಾ ಹನ್ನೆರಡು ಮನೆ. ಯಾವ ಮನೆಯ ಮೇಲೂ ಅದಕ್ಕೆ ಪ್ರೀತಿಯಿಲ್ಲ, ಯಾವ ಮನೆಯ ಮೇಲೂ ಸಿಟ್ಟಿಲ್ಲ ಎಂಬುದು ಅವಳ ತೀರ್ಮಾನ. ಪರೀಕ್ಷೆಯ ಹಿಂದಿನ ದಿನ ನಾನು ಸುಮ್ಮನಿರಲಾರದೆ ಕೇಳಿದೆ, "ನಾಳೆ ನಿಮ್ಮನಿಗೇ ಬಂದ್ರ?"

"ನಾಕುನೂರಾ ಹನ್ನೆರಡರಾಗ ಒಂದು ಸಂಭವರಿ ಸರ್. ಬರೂದಿಲ್ಲ," ಎಂದಳು. ಲೆಕ್ಕ ಸರಿಯಾಗಿಯೇ ಇತ್ತು.

ಮರುದಿನ ಬೆಳಿಗ್ಗೆ ಫಕೀರವ್ವನ ಕೂಗು ಕೇಳಿತು: "ಇವತ್ತ ಬಾಳವ್ವನ ಮನ್ಯಾಗ! ಅಡಗಿ ಮನ್ಯಾಗ!"

ನಾನು ಹಲ್ಲುಜ್ಜುತ್ತಿದ್ದವನು ಹಾಗೇ ಕೂತುಬಿಟ್ಟೆ. ಸಂಖ್ಯಾಶಾಸ್ತ್ರ ಕಲಿಸಿ ಹದಿನಾಲ್ಕು ವರ್ಷ ಹಾಳು ಮಾಡಿಕೊಂಡೆನಲ್ಲ ಎನಿಸಿತು.

ನಾವು ಹೋದಾಗ ಬಾಗಿಲು ತೆರೆದಿತ್ತು. ಚೌಕ ಒಲೆಯನ್ನೂ ರೊಟ್ಟಿ ಬಡಿಯುವ ಕಲ್ಲನ್ನೂ ಸೇರಿಸಿಕೊಂಡು ಬಿದ್ದಿತ್ತು. ಮನೆಯವರು ಒಲೆಯ ಹತ್ತಿರ ಹೋಗುವಂತಿಲ್ಲವಾದ್ದರಿಂದ ಪಕ್ಕದ ಮನೆಯವರು ಆಗಲೇ ರೊಟ್ಟಿ ಪಲ್ಯ ತಂದು ಇಟ್ಟುಹೋಗಿದ್ದರು. ಬಾಳವ್ವ ಅಡುಗೆ ಮನೆಯ ಬಾಗಿಲಿಗೆ ಒರಗಿ ಕೂತಿದ್ದಳು. ನೀಲವ್ವ ತಲೆ ತುಂಬ ಸೆರಗು ಹೊದ್ದುಕೊಂಡು ಒಬ್ಬೊಬ್ಬರಿಗೂ ತಂಬಿಗೆ ನೀರು ಕೊಡುತ್ತಿದ್ದಳು. ನನಗೆ ಕೊಡುವಾಗ ಅರ್ಧ ನೀರು ನನ್ನ ಅಂಗಿಯ ಮೇಲೆ ಚೆಲ್ಲಿದಳು.

"ಹೊಲಿಗಿ ಪರೀಕ್ಷಾ ಐತೇನ್ರಿ ಇವತ್ತ?" ಎಂದಳು ಬಾಳವ್ವ.

"ಹೌದ್ರಿ," ಎಂದೆ. ಬೇರೆ ಏನು ಹೇಳಲಿ?

ಮೌಖಿಕ ಪರೀಕ್ಷೆ ಹನ್ನೊಂದಕ್ಕೆ ಶುರುವಾಯಿತು. ಪರೀಕ್ಷಕರು ಯಾವುದೋ ದೊಡ್ಡ ಊರಿನಲ್ಲಿ ಕೋಟು ಹಾಕಿಕೊಂಡು ಕೂತ ಒಬ್ಬ ಪ್ರೊಫೆಸರು. ಪಟ್ಟಿಯಲ್ಲಿ ನೀಲವ್ವ ಕೊನೆಯವಳು, ಹನ್ನೆರಡೂ ನಲವತ್ತಕ್ಕೆ. ಅವಳ ಸರದಿಯನ್ನು ನಾಳೆಗೆ ಹಾಕಿ ಎಂದು ನಾನು ವಿಶ್ವವಿದ್ಯಾಲಯದ ಸಹಾಯವಾಣಿಗೆ ಬರೆದೆ. ನಿಮ್ಮ ಮನವಿ ನಮಗೆ ಬಹಳ ಮುಖ್ಯ, ಹದಿನೈದು ಕೆಲಸದ ದಿನಗಳಲ್ಲಿ ಉತ್ತರಿಸುತ್ತೇವೆ ಎಂದು ತಕ್ಷಣ ಉತ್ತರ ಬಂತು.

ಒಬ್ಬೊಬ್ಬರದೇ ಮುಗಿಯುತ್ತಿತ್ತು. ನೀಲವ್ವ ಅಡುಗೆ ಮನೆಯ ಹೊಸಿಲಿನಾಚೆ, ಅತ್ತೆಯ ಹಿಂದೆ, ಖಾಲಿ ತಂಬಿಗೆ ಹಿಡಿದುಕೊಂಡು ನಿಂತಿದ್ದಳು. ಪ್ರೊಫೆಸರು ಕೇಳಿದ ಪ್ರತಿಯೊಂದು ಪ್ರಶ್ನೆಗೂ ಅವಳ ತುಟಿ ಅಲುಗುತ್ತಿತ್ತು. ಸಂಗನಬಸು ತಡವರಿಸಿದ ಪ್ರಶ್ನೆಗೆ ಅವಳ ಬಾಯಿಂದ ಉತ್ತರ ಹೊರಗೇ ಬಂದುಬಿಟ್ಟಿತು. ಬಾಳವ್ವ ತಿರುಗಿ ನೋಡಿದಳು. ನೀಲವ್ವ ತಂಬಿಗೆ ತಿಕ್ಕುವವಳ ಹಾಗೆ ಮಾಡಿದಳು.

ಹನ್ನೆರಡೂವರೆಗೆ ನನಗೆ ತಡೆಯಲಾಗಲಿಲ್ಲ. "ನೀಲಾಂಬಿಕಾ, ಬಾ. ಆದದ್ದಾಗಲಿ, ಕಾಲಿಡು," ಎಂದೆ.

"ಸರ್, ಏನ್ ಮಾತಾಡ್ತೀರಿ!" ಎಂದ ಸಂಗನಬಸು. "ಆಕಿ ಕಾಲಿಟ್ಟರ ಸಿಗ್ನಲ್ ಹೋಕ್ಕೈತಿ. ಇನ್ನೂ ಒಂದು ಪರೀಕ್ಷಾ ನಡದೈತಿ, ನಮ್ಮ ಉತ್ತರದ ಹಾಳಿ ಅಪ್‌ಲೋಡ್ ಆಗಾಕತ್ತಾವು. ಎಲ್ಲಾರದೂ ಮುಳಗತೈತಿ." ಅವನನ್ನು ಬೈಯುವಂತಿರಲಿಲ್ಲ. ನೀಲವ್ವ ತಾನೇ ತಲೆ ಅಲ್ಲಾಡಿಸಿ, "ಬ್ಯಾಡ್ರಿ ಸರ್. ಅವರದ ಮುಗೀಲಿ," ಎಂದಳು. ಅವಳ ಕಣ್ಣು ತುಂಬಿತ್ತು. ನನಗೆ ಎಷ್ಟು ಸಿಟ್ಟು ಬಂತೆಂದರೆ ವಿಶ್ವವಿದ್ಯಾಲಯ, ಆ್ಯಪು, ಚೌಕ, ನಾನು ಎಲ್ಲ ಸೇರಿ ಒಲೆಗೆ ಬೀಳಬಾರದೇ ಎನಿಸಿತು.

ಬಾಳವ್ವ ಎದ್ದಳು. "ಇಷ್ಟ ಹೇಳ್ರಿ ಮಾಸ್ತರ. ಈಗ ಈಕಿ ಪಾಳಿ ಏನು?"

"ಹೌದ್ರಿ. ಇನ್ನ ಹತ್ತು ನಿಮಿಷಕ್ಕ."

"ಇವತ್ತ ತಪ್ಪಿದ್ರ?"

"ಆರು ವರ್ಷದ್ದೂ ಹೋತರಿ."

"ಆರು ವರ್ಷ," ಎಂದಳು ಬಾಳವ್ವ. "ಒಂದೂವರಿ ಅಂತ ನಾ ತಿಳದಿದ್ನಿ." ಆಮೇಲೆ ನನ್ನ ಕಡೆ ತಿರುಗಿದಳು. "ಹೊಲಿಗಿ ಕಲಿತಾಕಿ ಒಂದು ಹರದ ದಿಂಬು ಹೊಲೀಲಿಲ್ಲ. ಹೊಲಿಗಿ ಮಾಸ್ತರಂತೀರಿ, ನಿಮ್ಮ ಬೆರಳಾಗ ಸೂಜಿ ಚುಚ್ಚಿದ ಒಂದು ಗುರುತಿಲ್ಲ. ಬರೇ ಮಸಿ. ನಾ ಕುಡ್ಡಿ ಅಂತ ತಿಳದೀರೇನು?"

ನಾನು ಬೆರಳುಗಳನ್ನು ಮಡಚಿಕೊಂಡೆ.

ಬಾಳವ್ವ ಸೊಸೆಯ ಸೊಂಟಕ್ಕೆ ಕೈ ಹಾಕಿ ಬೀಗದ ಕೈಗಳ ಗೊಂಚಲು ಕಿತ್ತುಕೊಂಡಳು. ಕೈಯಲ್ಲಿದ್ದ ತಂಬಿಗೆ ಕಿತ್ತುಕೊಂಡಳು. "ಹೊರಗ ನಡಿ," ಎಂದಳು.

"ಅತ್ತಿ..."

"ನಡಿ ಅಂದ್ನಿ. ಹೊಸಲ ದಾಟು. ನೀ ಈ ಮನಿ ಸೊಸಿ ಅಲ್ಲ."

ನೀಲವ್ವ ಅಳುತ್ತ ಹೊರಗೆ ಹೋದಳು. ಓಣಿಯಲ್ಲಿ ಫಕೀರವ್ವ ಬೇರೆ ನಿಂತಿದ್ದಳು. "ಬಾಳವ್ವಾ, ನಾಟಕ ನಡ್ಯಾಂಗಿಲ್ಲ ನೋಡು. ಅದಕ್ಕ ತಿಳೀತೈತಿ," ಎಂದು ಎಚ್ಚರಿಸಿದಳು. "ನಾಟಕ ಮಾಡಾಕ ನನಗೇನ್ ಬಣ್ಣ ಹಚ್ಯಾರೇನು," ಎಂದು ಬಾಳವ್ವ ಅವಳ ಬಾಯಿ ಮುಚ್ಚಿಸಿದಳು. ಆಮೇಲೆ ಹಂಡೆಯಿಂದ ಹೊಸದಾಗಿ ನೀರು ತುಂಬಿಕೊಂಡು, ತಲೆಯ ಮೇಲೆ ಸೆರಗು ಎಳೆದುಕೊಂಡು ಹೊಸಿಲಿಗೆ ಬಂದು ನಿಂತಳು. ಹೊರಗೆ ನಿಂತವಳ ಮುಖವನ್ನೇ ನೋಡಿದಳು. ನಾನು ಹತ್ತು ನಿಮಿಷದಲ್ಲಿ ಆರು ಆಗಲೇ ಮುಗಿದಿವೆ ಎಂದು ಕೂಗಬೇಕೆಂದಿದ್ದವನು ಕೂಗಲಿಲ್ಲ.

"ಬರ್ರಿ," ಎಂದಳು ಬಾಳವ್ವ. ಬಹುವಚನದಲ್ಲಿ. "ನೀರ ತಗೋರಿ." ಎರಡೂ ಕೈಯಿಂದ ತಂಬಿಗೆ ಕೊಟ್ಟಳು. ನೀಲವ್ವ ಎರಡೂ ಕೈಯಿಂದ ಇಸಿದುಕೊಂಡು ಕುಡಿದಳು. "ಒಳಗ ಬರ್ರಿ. ಕುಂಡ್ರ ಬರ್ರಿ."

ಅವಳು ಅಡುಗೆ ಮನೆಯ ಬಾಗಿಲಿಗೆ ಬಂದಾಗ ಒಂಬತ್ತು ಫೋನುಗಳೂ ಅವಳ ಪಾದದ ಕಡೆ ತಿರುಗಿದ್ದವು. ಅವಳು ಬಲಗಾಲು ಇಟ್ಟಳು, ಎಡಗಾಲು ಇಟ್ಟಳು. ಫೋನಿನಲ್ಲಿ ಸಿಗ್ನಲ್ಲಿನ ನಾಲ್ಕು ಕಡ್ಡಿ ನಾಲ್ಕಾಗಿಯೇ ಇದ್ದವು. ಎಂಟೂ ಜನ ಸರಿದು ಒಲೆಯ ಪಕ್ಕ ಜಾಗ ಕೊಟ್ಟರು. ಅವಳ ಚೀಲದಲ್ಲಿ ನೋಟ್‌ಬುಕ್ಕಿತ್ತು, ಫೋನಿತ್ತು. ಎಲ್ಲ ಮೊದಲೇ ತುಂಬಿಟ್ಟುಕೊಂಡಿದ್ದಳು. ಚೀಲ ಎಲ್ಲಿಟ್ಟಿದ್ದಳು ಎಂದು ಬಾಳವ್ವನಿಗೂ ಗೊತ್ತಿದ್ದಿರಬೇಕು, ಅದನ್ನು ತಂದು ಕೊಟ್ಟದ್ದು ಅತ್ತೆಯೇ.

ಪ್ರೊಫೆಸರು ಅಧ್ಯಯನದ ವಿಷಯ ಓದಿ, ಕನ್ನಡಕ ತೆಗೆದು ಮತ್ತೆ ಹಾಕಿಕೊಂಡು, ಇದು ಏನು ಎಂದು ಕೇಳಿದರು. ನೀಲವ್ವ ಹೇಳಿದಳು. ಸರಾಸರಿ ಹೇಳಿದಳು, ವಿಚಲನೆ ಹೇಳಿದಳು, ಒಂದು ಮನೆಗೆ ಒಂದು ದಿನ ಚೌಕ ಬರುವ ಸಂಭವ ಇಷ್ಟೇ ಎಂದು ತೋರಿಸಿದಳು. ಒಂದೂವರೆ ವರ್ಷದ ಪಾಠದಲ್ಲಿ ಅಷ್ಟು ಸ್ಪಷ್ಟವಾಗಿ ನಾನೇ ಹೇಳಿರಲಿಲ್ಲ. ಕೊನೆಗೆ ಪ್ರೊಫೆಸರು, "ಹಿಂದೆ ಒಲೆ ಕಾಣಿಸ್ತಾ ಇದೆ. ನಿಮ್ಮ ಮನೆಯಿಂದಲೇ ಮಾತಾಡ್ತಿದ್ದೀರಾ?" ಎಂದರು.

ನೀಲವ್ವ ಬಾಗಿಲ ಕಡೆ ನೋಡಿದಳು. ಬಾಳವ್ವ ಗೋಡೆ ನೋಡುತ್ತಿದ್ದಳು.

"ಅಲ್ರಿ ಸರ್," ಎಂದಳು. "ಒಬ್ಬರ ಮನಿಗೆ ಬಂದೇನಿ."

"ಒಳ್ಳೆಯ ಜನ. ಅವರಿಗೆ ನನ್ನ ಥ್ಯಾಂಕ್ಸ್ ಹೇಳಿ," ಎಂದರು ಪ್ರೊಫೆಸರು. ಅಷ್ಟರಲ್ಲಿ ಅವರ ಊರಿನಲ್ಲೇ ಕರೆಂಟು ಹೋಯಿತು. ಐದು ನಿಮಿಷ ಕಾದೆವು. ಆಮೇಲೆ ಪರದೆಯ ಮೇಲೆ ಅವಳ ಹೆಸರಿನ ಮುಂದೆ 'ಉತ್ತೀರ್ಣ' ಎಂದು ಬಂತು. ಹುಡುಗರು ಕೂಗಾಡಿದರು. ನನಗೆ ಅಳು ಬಂತು. ಒಲೆಯ ಬೂದಿ ಕಣ್ಣಿಗೆ ಬಿತ್ತೆಂದು ಹೇಳಿದೆ, ಯಾರೂ ನಂಬಲಿಲ್ಲ.

ಹೊತ್ತು ಮುಳುಗುವತನಕ ಊರಿನ ಬೇರೆ ಜನ ಬಂದು ಹೋಗುತ್ತಿದ್ದರು. ಹೊತ್ತು ಮುಳುಗಿ ನಾವು ಎದ್ದಾಗ ನೀಲವ್ವನೂ ನಮ್ಮ ಜೊತೆ ಎದ್ದು ಹೊರಗೆ ಬಂದಳು, ಬಂದವರು ಹೋಗಲೇಬೇಕಲ್ಲ. ಹುಡುಗರು ಹೊರಟುಹೋದರು. ಅವಳು ಓಣಿಯಲ್ಲಿ, ಎದುರಿನ ಕಟ್ಟೆಯ ಹತ್ತಿರ ನಿಂತಳು. ಅವಳನ್ನು ಬಿಟ್ಟು ಹೋಗಲು ನನಗೂ ಮನಸ್ಸಾಗಲಿಲ್ಲ.

"ಒಳಗ ಹೋಗವ್ವಾ," ಎಂದೆ.

"ಸಿಗ್ನಲ್ ಹೋಗಲಿಲ್ರಿ ಸರ್," ಎಂದಳು. "ಅದಕ್ಕ ನಾಟಕ ತಿಳೀತೈತಿ. ಅಂದ್ರ ಅತ್ತಿ ಖರೇನ ನನ್ನ ಬಿಟ್ಟಾರ."

ನನಗೆ ಅದು ಹೊಳೆದಿರಲೇ ಇಲ್ಲ. ಪರೀಕ್ಷೆ ಪಾಸಾದಳೆಂದು ಕುಣಿಯುತ್ತಿದ್ದೆನೇ ಹೊರತು, ಕಡ್ಡಿಗಳು ಯಾಕೆ ಉಳಿದವು ಎಂದು ಲೆಕ್ಕ ಹಾಕಿರಲಿಲ್ಲ. ಒಳಗೆ ಬಾಳವ್ವ ನೀರು ಹಾಕಿ ಸುಣ್ಣದ ಬೊಟ್ಟು ತೊಳೆಯುವ ಸಪ್ಪಳ ಕೇಳುತ್ತಿತ್ತು. ಆಮೇಲೆ ಒಲೆ ಹೊತ್ತಿಸಿದ ಹೊಗೆ ಬಂತು. ನೀಲವ್ವ ಅಲ್ಲಾಡದೆ ನಿಂತಿದ್ದಳು.

ಬಾಳವ್ವ ಹೊಸಿಲಿಗೆ ಬಂದಳು. ಕೈಯಲ್ಲಿ ಬೀಗದ ಕೈ ಗೊಂಚಲಿತ್ತು, ಕಂಕುಳಲ್ಲಿ ಏನೋ ಗಂಟಿತ್ತು. "ಏ ನೀಲಾ, ಅಲ್ಲೇನ್ ಮಾಡ್ತಿ? ಹಿಟ್ಟ ನಾದಿ ಇಟ್ಟೇನಿ, ರೊಟ್ಟಿ ಯಾರ್ ಬಡೀತಾರ?"

ನೀಲವ್ವ ಒಳಗೆ ಓಡಲಿಲ್ಲ. "ನೀವು ನನ್ನ ಖರೇನ ಹೊರಗ ಹಾಕಿದ್ರಿ, ಅತ್ತಿ," ಎಂದಳು.

"ಹಾಕಿದ್ನಿ. ಇಲ್ಲಂದ್ರ ಅದು ನಡೀತಿತ್ತೇನು?" ಎಂದಳು ಬಾಳವ್ವ. ಗೊಂಚಲು ಕೈಯಲ್ಲಿ ತಿರುಗಿಸಿದಳು. "ನೀರ ಕೊಡೂವಾಗ ನಿನ್ನ ಮಾರಿ ನೋಡಿದ್ನೆಲ್ಲ, ಆಗ ಯಾರದೋ ಮನಿ ಮಗಳು ಕಲ್ಯಾಕ ಬಂದಾಳ ಅಂತ ಅನಸ್ತು. ಖರೇನ ಅನಸ್ತು. ಹನ್ನೊಂದು ವರ್ಷ ನನ್ನ ಮನ್ಯಾಗ ಅದೀ, ಒಂದ ದಿನ ಹಂಗ ಅನಸಿರಲಿಲ್ಲ. ಬಾ ಒಳಗ, ಹೆಂಚು ಕಾಯಾಕತ್ತೈತಿ."

ನೀಲವ್ವ ಗೊಂಚಲು ಇಸಿದುಕೊಂಡು ಸೊಂಟಕ್ಕೆ ಸಿಕ್ಕಿಸಿಕೊಂಡು ಒಳಗೆ ಹೋದಳು. ಒಂದು ಗಳಿಗೆಯಲ್ಲಿ ರೊಟ್ಟಿ ಬಡಿಯುವ ಸಪ್ಪಳ ಶುರುವಾಯಿತು. ನಾನು ಹೊರಡಲು ತಿರುಗಿದೆ.

"ಮಾಸ್ತರ, ನಿಂದರ್ರಿ." ಬಾಳವ್ವ ಕಂಕುಳಿನ ಗಂಟು ಬಿಚ್ಚಿದಳು. ಹಸಿರು ಖಣ, ಕೆಂಪು ಅಂಚಿನದು, ಪೆಟ್ಟಿಗೆಯಲ್ಲಿ ಬಹಳ ದಿನ ಮಡಚಿಟ್ಟ ಗೆರೆಗಳಿದ್ದವು. ಅದರೊಳಗೆ ಅಳತೆಗೆಂದು ನೀಲವ್ವನ ಹಳೆಯ ಕುಪ್ಪಸ. "ನಿಮ್ಮ ಆ ಸಿಂಪಿಗನ ಕಡೆ ಹೊಲಸ್ರಿ. ತೋಳು ಬಿಗಿ ಬ್ಯಾಡ, ಸಡ್ಲ ಇರ್ಲಿ. ಪದವಿ ಕೊಡೂವಾಗ ಮ್ಯಾಲ ಕರೀ ನಿಲುವಂಗಿ ಹಾಕ್ಕೋತಾರಂತಲ್ಲ, ಸೆಕಿ ಆಗತೈತಿ. ನಾನೂ ಬರ್ತೀನಿ ನೋಡಾಕ."

ಪದವಿ ಪ್ರದಾನವೂ ಆನ್‌ಲೈನೇ ಎಂದು ಹೋದ ವಾರ ಪತ್ರ ಬಂದಿತ್ತು. ನಾನು ಖಣ ಇಸಿದುಕೊಂಡೆ.

"ಸಡ್ಲ ಇಡಸ್ತೀನ್ರಿ," ಎಂದೆ.